ಕವರ್ ಎಂಬ ಹೊಸ ತೊಡಕು

೩೧ ಮಾರ್ಚ್ ೨೦೨೫, ಸೋಮವಾರ. ಆಧಾರ: ನನ್ನ ದಿನಚರಿ. ದಿನಚರಿಯೊಂದನ್ನೇ ನಂಬುವುದು ಸರಿಯಲ್ಲವಾದ್ದರಿಂದ, ಅಡುಗೆಮನೆಯ ಗೋಡೆಯಿಂದ ಇಳಿಸಿ ಎತ್ತಿಟ್ಟಿದ್ದ ಆ ವರ್ಷದ ಕ್ಯಾಲೆಂಡರನ್ನೂ ತೆಗೆದು ತಾಳೆ ನೋಡಿದ್ದೇನೆ. ಶನಿವಾರ ಅಮಾವಾಸ್ಯೆ, ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು. ಅದೇ ಸೋಮವಾರ ರಂಜಾನ್ ರಜೆ. ಇಷ್ಟು ಪೀಠಿಕೆ ಏಕೆಂದರೆ, ಚನ್ನಗಿರಿಯ ಖಾಸಗಿ ಆಸ್ಪತ್ರೆಯೊಂದರ ಮೊದಲ ಮಹಡಿಯಲ್ಲಿ ಮಲಗಿದ್ದ ನನ್ನ ಅಕ್ಕನ ಮೈಗೆ ಯಾವ ಔಷಧಿ ಇಳಿಯಬೇಕು ಎಂಬ ತೀರ್ಮಾನದಲ್ಲಿ ವೈದ್ಯಶಾಸ್ತ್ರಕ್ಕೆ ಎಷ್ಟು ಪಾಲಿತ್ತೋ ಪಂಚಾಂಗಕ್ಕೂ ಅಷ್ಟೇ ಪಾಲಿತ್ತು.

ನಾನು ವೈದ್ಯೆಯಲ್ಲ. ಆಸ್ಪತ್ರೆಗಳಲ್ಲಿ ವೈದ್ಯರು ಆಂಟಿಬಯೋಟಿಕ್ ಬರೆಯುವಾಗ ಅವರ ಕೈಯನ್ನು ನಡೆಸುವುದು ಯಾವುದು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಿವೃತ್ತಿಯವರೆಗೆ ಓಡಾಡಿದವಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಬಸ್ಸು ಹಿಡಿದು, ಹೊರರೋಗಿಗಳ ಸಾಲು ಕರಗುವವರೆಗೆ ಬೆಂಚಿನ ಮೇಲೆ ಕಾದು, ಕೊನೆಗೆ ಹಸಿದು ಎದ್ದು ನಿಂತ ವೈದ್ಯರ ಮುಂದೆ ನನ್ನ ಪ್ರಶ್ನೆ ಇಡುತ್ತಿದ್ದೆ. ಹೆಚ್ಚಿನವರು ಪಠ್ಯಪುಸ್ತಕದ ಉತ್ತರ ಕೊಟ್ಟು ಊಟಕ್ಕೆ ಹೋದರು. ಜಗಳೂರಿನ ವೈದ್ಯರೊಬ್ಬರು ಮಾತ್ರ ಕೈ ತೊಳೆಯುತ್ತಲೇ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಮೇಡಂ, ಬರೆದಿದ್ದಕ್ಕೆ ನನ್ನ ಯಾರೂ ಕೇಳಿಲ್ಲ. ಬರೀದೇ ಇದ್ದಿದ್ದಕ್ಕೆ ಕೇಳ್ಯಾರೆ. ಕೊರಳಪಟ್ಟಿ ಹಿಡ್ಕೊಂಡು ಕೇಳ್ಯಾರೆ. ಇಷ್ಟೇ ನೋಡ್ರಿ ನಿಮ್ಮ ಸಂಶೋಧನೆ." ನಾನು ಆ ಮಾತನ್ನು ಒಂದು ಅಡಿಟಿಪ್ಪಣಿಯಲ್ಲಿ ಸೇರಿಸಿದೆ. ಅದು ಅಡಿಟಿಪ್ಪಣಿಗೆ ಸೇರುವ ಮಾತಲ್ಲ ಎಂಬುದು ಅಕ್ಕನ ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಾಗ ಮನದಟ್ಟಾಯಿತು.

ಅಕ್ಕ ನ್ಯಾಮತಿಯಲ್ಲಿ ಮಗನ ಜೊತೆ ಇರುತ್ತಾಳೆ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಸಕ್ಕರೆ ಕಾಯಿಲೆ ಹಳೆಯದು. ಅದರಿಂದಾಗಿ ಮೂತ್ರಪಿಂಡಗಳು ಅಂಚಿನಲ್ಲಿ ನಿಂತು ಕೆಲಸ ಮಾಡುತ್ತಿವೆ, ಇನ್ನೊಂದು ಪೆಟ್ಟು ತಡೆಯಲಾರವು ಎಂದು ವೈದ್ಯರು ಹಿಂದೆಯೇ ಎಚ್ಚರಿಸಿದ್ದರು. ಮಗನಿಗೆ ಹೊನ್ನಾಳಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಒಳ್ಳೆಯವನು, ಆದರೆ ಜ್ವರವನ್ನೂ ಸುಟ್ಟ ಮೋಟಾರಿನಂತೆಯೇ ಕಾಣುತ್ತಾನೆ. ಕರೆಂಟು ಸಾಲದೆ ನಿಂತಿದೆ, ಪವರ್ ಹೆಚ್ಚಿಸಿದರೆ ಓಡುತ್ತದೆ ಎಂಬುದು ಅವನ ಸಿದ್ಧಾಂತ.

ಹಬ್ಬದ ಹಿಂದಿನ ವಾರ ಅಕ್ಕನಿಗೆ ಉರಿಮೂತ್ರ, ಜ್ವರ. ನ್ಯಾಮತಿಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿದರು. ಜ್ವರ ಇಳಿದು ಮತ್ತೆ ಏರಿತು. ಮಗ ಹೊನ್ನಾಳಿಯ ಮೆಡಿಕಲ್ ಶಾಪಿನಲ್ಲಿ, ಚೀಟಿ ಇಲ್ಲದೆ, ಪವರ್ ಜಾಸ್ತಿ ಇರುವುದೇ ಬೇಕೆಂದು ಕೇಳಿ ಮಾತ್ರೆ ತಂದ. ಎರಡು ದಿನ ನುಂಗಿಸಿದ. ಜ್ವರ ಬಿಟ್ಟಿತೆಂದು ನಿಲ್ಲಿಸಿದ. ಶನಿವಾರ ಮತ್ತೆ ಬಂತು. ಅಮಾವಾಸ್ಯೆಯ ದಿನ ಆಸ್ಪತ್ರೆಗೆ ಸೇರಿಸಬಾರದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ, ಯುಗಾದಿಯ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ವರ್ಷವೆಲ್ಲ ಹತ್ತಬೇಕಾಗುತ್ತದೆ ಎಂದು ಮತ್ತೊಂದು ತೀರ್ಮಾನ. ಮಧ್ಯಾಹ್ನ ಅಕ್ಕ ಚಳಿಗೆ ಗಡಗಡ ನಡುಗತೊಡಗಿದಾಗ ತೀರ್ಮಾನಗಳೆಲ್ಲ ಬದಿಗೆ ಸರಿದು ಕಾರು ಹೊರಟಿತು. ಚನ್ನಗಿರಿಯಲ್ಲಿ ನಾನಿದ್ದೇನೆ, ನನಗೆ "ಆಸ್ಪತ್ರೆ ವಿಷಯ ಗೊತ್ತು" ಎಂಬ ನಂಬಿಕೆಯಲ್ಲಿ ಅವಳನ್ನು ಇಲ್ಲಿಗೇ ಕರೆತಂದರು.

ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬ ಯುವ ವೈದ್ಯ. ಸಂತೇಬೆನ್ನೂರಿನ ಕಡೆಯವನು. ಮರುದಿನ ರಂಜಾನಿಗೆ ಸಹೋದ್ಯೋಗಿ ರಜೆ ಪಡೆದಿದ್ದರಿಂದ ಎರಡು ಹಬ್ಬದ ಡ್ಯೂಟಿಯೂ ಇವನ ತಲೆಗೇ ಬಂದಿತ್ತು. ಅಕ್ಕನ ಮಗನನ್ನು ಕೇಳಿದ:

"ಮನೇಲಿ ಯಾವ ಮಾತ್ರೆ ಕೊಟ್ಟಿದ್ರಿ?"

"ಜ್ವರದ್ದು ಸರ್."

"ಅದರ ಹೆಸರು?"

"ಉದ್ದಕೆ ಇತ್ತು ಸರ್. ಅರ್ಧ ಬಿಳಿ, ಅರ್ಧ ಕೆಂಪು."

ನಡುಗುತ್ತಿದ್ದ ಅಕ್ಕ ಕಂಬಳಿಯ ಒಳಗಿನಿಂದಲೇ ಅಂದಳು: "ಉದ್ದ ಇದ್ದಿದ್ದು ಹೆಸರೋ ಮಾತ್ರೆಯೋ, ಸರಿಯಾಗಿ ಹೇಳೋ. ಪರೀಕ್ಷೇನಾಗೂ ನೀನು ಹಿಂಗೇ ಬರೀತಿದ್ದೆ."

ನ್ಯಾಮತಿಯ ಇಂಜೆಕ್ಷನ್ ಯಾವುದೆಂಬುದಕ್ಕೂ ಇಷ್ಟೇ ಖಚಿತವಾದ ಉತ್ತರ ಸಿಕ್ಕಿತು: "ಸೊಂಟಕ್ಕೆ ಹಾಕಿದ್ರು."

ಡ್ರಿಪ್ ಹಾಕುವ ಮೊದಲೇ ಮೂತ್ರದ ಮಾದರಿ ತೆಗೆಯಬೇಕೆಂದು ನಾನು ಪಟ್ಟು ಹಿಡಿದೆ. ಔಷಧಿ ಒಳಗೆ ಹೋದ ಮೇಲೆ ತೆಗೆದರೆ ಯಾವ ರೋಗಾಣು, ಅದಕ್ಕೆ ಯಾವ ಔಷಧಿ ತಾಗುತ್ತದೆ ಎಂಬುದು ಕಲ್ಚರ್ ಪರೀಕ್ಷೆಯಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಯುವ ವೈದ್ಯ ತಕರಾರಿಲ್ಲದೆ ಒಪ್ಪಿದ. ಅವನಿಗೂ ಅದು ಗೊತ್ತಿತ್ತು. ಮಾದರಿಯ ಬಾಟಲಿ ಫ್ರಿಜ್ಜಿಗೆ ಹೋಯಿತು. ಆಮೇಲೆ ಮೊದಲ ಆಂಟಿಬಯೋಟಿಕ್ ಶುರುವಾಯಿತು. ಅದರ ಬಗ್ಗೆ ನನ್ನ ಆಕ್ಷೇಪವಿಲ್ಲ. ಆ ನಡುಕಕ್ಕೆ ಅದು ಬೇಕೇ ಇತ್ತು.

"ಮಾದರಿ ಯಾವಾಗ ಕಳಿಸ್ತೀರಿ?" ಎಂದು ನರ್ಸಮ್ಮನನ್ನು ಕೇಳಿದೆ.

"ದಾವಣಗೆರೆ ಲ್ಯಾಬಿಂದ ಒಬ್ರು ಬಂದು ತಗೊಂಡು ಹೋಗ್ತಾರೆ ಮೇಡಂ. ಇವತ್ತು ಹಬ್ಬ, ಬರಲ್ಲ. ನಾಳೆ ರಂಜಾನು, ನಾಳೇನೂ ಬರಲ್ಲ."

"ರೋಗಾಣುವಿಗೆ ರಜೆ ಇಲ್ಲವಲ್ಲಮ್ಮಾ."

"ನಮಗೂ ಇಲ್ಲ ಮೇಡಂ" ಎಂದು ಆಕೆ ಮುಂದಿನ ಹಾಸಿಗೆಗೆ ಹೋದಳು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಹಿರಿಯ ವೈದ್ಯರು ರೌಂಡ್ಸಿಗೆ ಬಂದರು. ಅಕ್ಕನ ನಡುಕ ನಿಂತಿತ್ತು. ಜ್ವರ ಇಳಿಮುಖವಾಗಿದ್ದರೂ ಪೂರ್ತಿ ಬಿಟ್ಟಿರಲಿಲ್ಲ. ನ್ಯಾಮತಿಯ ಸೊಂಟದ ಇಂಜೆಕ್ಷನ್ನಿನ ಕಥೆಯನ್ನೂ ಹೊನ್ನಾಳಿಯ ಬಿಳಿ-ಕೆಂಪು ಮಾತ್ರೆಯ ಕಥೆಯನ್ನೂ ಕೇಳಿಸಿಕೊಂಡು ಅವರು ಯುವ ವೈದ್ಯನ ಕಡೆ ತಿರುಗಿದರು. "ಎರಡು ಕಡೆ ತೋರಿಸ್ಕೊಂಡು ಬಂದಿರೋ ಕೇಸು. ಇನ್ನೊಂದು ಕವರ್ ಕೊಟ್ಬಿಡೋಣ."

ಈ ಪದವನ್ನು ನಾನು ವೃತ್ತಿಜೀವನವಿಡೀ ಕೇಳಿದ್ದೇನೆ. ರೋಗಾಣು ಯಾವುದೆಂದು ತಿಳಿಯದಿದ್ದಾಗ, ಇದ್ದರೂ ಇರಬಹುದಾದ ಎಲ್ಲವನ್ನೂ ಮುಚ್ಚಿಹಾಕುವಂತೆ ಔಷಧಿ ಕೊಡುವುದಕ್ಕೆ ವೈದ್ಯರ ಮಾತಿನಲ್ಲಿ ಕವರ್ ಎಂದು ಹೆಸರು. ಆದರೆ ಅಕ್ಕನ ಮಗ ಅಂಗಡಿಯವನು. ಅವನಿಗೆ ಗೊತ್ತಿರುವ ಕವರ್ ಒಂದೇ. ಹಿರಿಯ ವೈದ್ಯರು ಪಕ್ಕದ ಹಾಸಿಗೆಯನ್ನು ನೋಡಿ ಮುಗಿಸುವಷ್ಟರಲ್ಲಿ ಅವನು ಮೆಟ್ಟಿಲಿಳಿದು, ಹಬ್ಬದ ದಿನವೂ ತೆರೆದಿದ್ದ ಹಣ್ಣಿನ ಅಂಗಡಿಯಿಂದ ಒಂದು ಕರಿಯ ಪ್ಲಾಸ್ಟಿಕ್ ಚೀಲ ಹಿಡಿದು ಏದುಸಿರು ಬಿಡುತ್ತಾ ಮೇಲೆ ಬಂದ.

"ತಗೊಳ್ರಿ ಸರ್, ಕವರ್ರು. ಯಾಕೆ, ಅವ್ವಗೆ ವಾಂತಿ ಬರ್ತೈತಾ?"

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಹಿರಿಯ ವೈದ್ಯರೂ ನಕ್ಕರು. ಅಕ್ಕ ಮಾತ್ರ ಗಂಭೀರವಾಗಿ ಅಂದಳು: "ಪ್ಲಾಸ್ಟಿಕ್ ಕವರ್ ಬ್ಯಾನ್ ಆಗೈತೆ ಕಣೋ. ಡಾಕ್ಟ್ರಿಗೆ ಕೇಸ್ ಹಾಕಿಸ್ತೀಯಾ?"

ಎಲ್ಲರೂ ನಗುತ್ತಿದ್ದಾಗಲೇ ನಾನು ಆ ಎರಡನೆಯ ಇಂಜೆಕ್ಷನ್ ಯಾವುದೆಂದು ಕೇಳಿದೆ. ಹೆಸರು ಕೇಳಿ ನನ್ನ ನಗು ನಿಂತಿತು. ಒಳ್ಳೆಯ ಔಷಧಿಯೇ, ಆದರೆ ಮೂತ್ರಪಿಂಡಕ್ಕೆ ನಿರ್ದಯಿ. ಅಕ್ಕನ ಮೂತ್ರಪಿಂಡದ ಸ್ಥಿತಿಯನ್ನು ವಿವರಿಸಿದೆ. ಮೊದಲ ಔಷಧಿಗೇ ಜ್ವರ ಇಳಿಯುತ್ತಿರುವಾಗ ಎರಡನೆಯದು ಏಕೆ ಎಂದೂ ಕೇಳಿದೆ.

"ಡೋಸ್ ಕಡಿಮೆ ಮಾಡೇ ಕೊಡ್ತೀವಿ ಮೇಡಂ" ಎಂದರು ಅವರು, ಕೋಪವಿಲ್ಲದೆ. "ಇವ್ರಿಗೆ ನಾಳೆ ಏರುಪೇರಾಗಿ ದಾವಣಗೆರೆಗೆ ಕಳಿಸಿದ್ರೆ, ಅಲ್ಲಿಯವರು ಫೈಲ್ ತೆಗೆದು 'ಇಷ್ಟೇನಾ ಕೊಟ್ಟಿದ್ದು' ಅಂತ ಕೇಳ್ತಾರೆ. ನಿಮ್ಮನ್ನಲ್ಲ, ನನ್ನ."

ಜಗಳೂರಿನ ಅಡಿಟಿಪ್ಪಣಿ ಬಿಳಿ ಕೋಟು ಹಾಕಿಕೊಂಡು ನನ್ನೆದುರು ನಿಂತಂತಿತ್ತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಮಗ ನಡುವೆ ಬಂದ.

"ಚಿಕ್ಕಮ್ಮ, ಸುಮ್ನಿರ್ರಿ. ಹೋಟ್ಲಾಗೆ ಎರಡು ಇಡ್ಲಿ ಕೊಟ್ರೆ ಒಂದು ವಾಪಸ್ ಕೊಡ್ತೀರೇನು?"

"ಇದು ಇಡ್ಲಿ ಅಲ್ಲಪ್ಪ."

"ನೀವು ಓದಿದ್ದು ಜಾಸ್ತಿ ಆತು ನೋಡ್ರಿ. ಡಾಕ್ಟ್ರಿಗಿಂತ ಪೇಷಂಟ್ ಕಡೆಯೋರು ಜಾಸ್ತಿ ಓದಿರಬಾರ್ದು."

ಹೊಸತೊಡಕಿನ ದಿನ ಏನು ಮಾಡುತ್ತೇವೆಯೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆಂದು ನಮ್ಮಲ್ಲಿ ನಂಬಿಕೆ. ತೊಡಗುವುದು ಎಂಬುದರಿಂದ ಬಂದ ತೊಡಕು ಅದು. ಸಿಕ್ಕು, ಗೋಜಲು ಎಂಬ ಅರ್ಥ ಬೇರೆ. ಆ ಸೋಮವಾರದ ಮಟ್ಟಿಗೆ ಎರಡೂ ಅರ್ಥ ಒಂದೇ ಸೂಜಿಯಲ್ಲಿ ಅಕ್ಕನ ಮುಂಗೈಗೆ ಇಳಿದವು. ಸೂಜಿ ಚುಚ್ಚಿಸಿಕೊಳ್ಳುತ್ತಾ ಅವಳು ಅಂದಳು: "ವರ್ಷವೆಲ್ಲ ಚುಚ್ಚಿಸ್ಕೊಳ್ಳೋದು ಗ್ಯಾರಂಟಿ ಆತು ಬಿಡು."

ಮಂಗಳವಾರ ಬೆಳಿಗ್ಗೆ ದಾವಣಗೆರೆಯ ಲ್ಯಾಬಿನವನು ಬೈಕಿನಲ್ಲಿ ಬಂದ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲಿನ ದಿನಾಂಕ ಓದಿ ತಲೆಯಾಡಿಸಿದ. "ಭಾನುವಾರದ್ದು ತಗೊಳಲ್ಲ ಮೇಡಂ. ಹಳೇದಾಗೈತೆ. ಹೊಸದು ಕೊಡ್ರಿ." ಅವನು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ಔಷಧಿಗಿಂತ ಮೊದಲು ತೆಗೆದ ಮಾದರಿ ಹೀಗೆ ಚರಂಡಿಗೆ ಹೋಯಿತು. ಎರಡು ಔಷಧಿಗಳು ರಕ್ತದಲ್ಲಿ ಓಡಾಡುತ್ತಿದ್ದಾಗ ತೆಗೆದ ಮಾದರಿ ದಾವಣಗೆರೆಗೆ ಹೋಯಿತು. ವರದಿ ಶುಕ್ರವಾರ ಎಂದ. ಇದರಲ್ಲಿ ಯಾರನ್ನು ಬೈಯಬೇಕು? ನರ್ಸಮ್ಮ ತನ್ನ ಕೆಲಸ ಮಾಡಿದ್ದಳು, ಲ್ಯಾಬಿನವನು ತನ್ನ ಕೆಲಸ ಮಾಡಿದ್ದ, ಎರಡು ಹಬ್ಬಗಳೂ ತಮ್ಮ ತಮ್ಮ ದಿನಕ್ಕೆ ಸರಿಯಾಗಿ ಬಂದಿದ್ದವು. ಬೈಯಲು ಯಾರೂ ಸಿಗದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ಅಂದು ಸಂಜೆಗೆ ಜ್ವರ ಪೂರ್ತಿ ಬಿಟ್ಟಿತು. ಬುಧವಾರ ಬೆಳಿಗ್ಗೆ ಮೂತ್ರ ಕಡಿಮೆಯಾಯಿತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಎಂದರೆ ಮೂತ್ರಪಿಂಡ ದಣಿದಿದೆಯೋ ಇಲ್ಲವೋ ಹೇಳುವ ಅಂಶ, ಆಸ್ಪತ್ರೆಗೆ ಸೇರಿಸುವಾಗ ಇದ್ದುದಕ್ಕಿಂತ ಮೇಲೇರಿತ್ತು. ಯುವ ವೈದ್ಯ ಅದನ್ನು ನೋಡಿದ್ದ. ನನ್ನನ್ನು ಕಂಡು ವರಾಂಡದಲ್ಲಿ ತಾನಾಗಿಯೇ ನಿಂತ.

"ಗೊತ್ತೈತೆ ಮೇಡಂ. ಎರಡನೇದು ನಿಲ್ಲಿಸಬೇಕು."

"ಮತ್ತೆ ನಿಲ್ಲಿಸಿ."

"ಸರ್ ಬರೆದಿದ್ದು."

"ನೀವೂ ವೈದ್ಯರೇ ಅಲ್ಲವೇ?"

ಅವನು ನಕ್ಕ. ಸಂತೋಷದ ನಗುವಲ್ಲ. "ಶುರು ಮಾಡಾಕೆ ನಾನು ಸಾಕು ಮೇಡಂ. ನಿಲ್ಸಾಕೆ ಸರ್ರೇ ಬೇಕು."

ಹಿರಿಯ ವೈದ್ಯರು ಸಂಬಂಧಿಕರ ಮದುವೆಗೆಂದು ಊರಿನಲ್ಲಿರಲಿಲ್ಲ. ಯುವ ವೈದ್ಯ ನನ್ನೆದುರಿಗೇ ಫೋನ್ ಮಾಡಿದ. ಆ ಕಡೆ ವಾಲಗದ ಸದ್ದು. "ಕಲ್ಚರ್ ಬರಲಿ, ಆಮೇಲೆ ನೋಡೋಣ" ಎಂಬ ಮಾತು ನನಗೂ ಕೇಳಿಸಿತು.

ಕಲ್ಚರ್ ಬಂದರೆ ಏನಾಗುತ್ತದೆ? ಅದನ್ನು ನಾನು ಆ ವರಾಂಡದಲ್ಲೇ ಲೆಕ್ಕ ಹಾಕಿ ಮುಗಿಸಿದ್ದೆ. ಏನಾದರೂ ಬೆಳೆದಿದ್ದರೆ, ರೋಗಾಣು ಇನ್ನೂ ಇದೆ, ಮುಂದುವರಿಸಿ ಎನ್ನುತ್ತಾರೆ. ಏನೂ ಬೆಳೆಯದಿದ್ದರೆ, ಔಷಧಿ ಕೆಲಸ ಮಾಡಿದೆ, ಮುಂದುವರಿಸಿ ಎನ್ನುತ್ತಾರೆ. ಯಾವ ಉತ್ತರ ಬಂದರೂ ನಿಲ್ಲಿಸಲು ಕಾರಣ ಸಿಗದ ಪ್ರಶ್ನೆಯೊಂದಕ್ಕಾಗಿ ನಾವು ಶುಕ್ರವಾರದವರೆಗೆ ಕಾಯಬೇಕಿತ್ತು, ಅಕ್ಕನ ಮೂತ್ರಪಿಂಡಗಳನ್ನು ಕಾಯಿಸಬೇಕಿತ್ತು. ಕೂಗಾಡುವುದು ನನ್ನ ಸ್ವಭಾವವಲ್ಲ. ಅಂದು ಕೂಗಾಡಿದೆ. ಅಕ್ಕನ ಮಗ ನನ್ನ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, "ಚಿಕ್ಕಮ್ಮ, ಬಿ.ಪಿ. ಮಾತ್ರೆ ತಗೊಂಡ್ರಾ?" ಎಂದು ಕೇಳಿದ. ಅಲ್ಲಿಗೆ ನನ್ನ ಪಾಂಡಿತ್ಯದ ಕಥೆ ಮುಗಿಯಿತು.

ಸಂಜೆ ಯುವ ವೈದ್ಯ ಒಬ್ಬನೇ ರೌಂಡ್ಸಿಗೆ ಬಂದ. ನಾನು ಅಕ್ಕನಿಗೆ ಗಂಜಿ ಕುಡಿಸುತ್ತಿದ್ದೆ.

"ಬೇವುಬೆಲ್ಲ ತಿಂದೇನಪ್ಪಾ ಈ ಸಲ?" ಎಂದು ಅಕ್ಕ ಅವನನ್ನು ಕೇಳಿದಳು.

"ಎಲ್ಲಿ ಅಜ್ಜಿ, ಇಲ್ಲೇ ಇದ್ನಲ್ಲ. ಅವ್ವ ಫೋನ್ ಮಾಡಿ ಬೈದ್ಲು."

"ಬೇವು ಇಲ್ಲೇ ಬೇಕಾದಷ್ಟು ಐತೆ ಬಿಡು, ಬಾಟ್ಲಿನಾಗೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ಈ ಕವರ್ರು, ಕವರ್ರು ಅಂತೀರಲ್ಲ, ಅದು ಯಾರಿಗೆ? ನನಗೋ, ನಿಮ್ಮ ಸರ್ರಿಗೋ?"

"ನಿಮಗೇ ಅಜ್ಜಿ."

"ನನಗಾದ್ರೆ ತೆಗೆದುಬಿಡಪ್ಪ. ಸೆಕೆ ಆಗ್ತೈತೆ."

ಅವನು ನಕ್ಕ. ನಾನು ನಗಲಿಲ್ಲ, ಆ ಹೊತ್ತಿನಲ್ಲಿ ತಮಾಷೆ ನನಗೆ ಅಸಹ್ಯವೆನ್ನಿಸಿತು. ಅವನು ಅಕ್ಕನ ಪಾದವನ್ನು ಬೆರಳಿನಿಂದ ಒತ್ತಿ ಬಾವು ಇದೆಯೇ ಎಂದು ನೋಡಿದ, ಫೈಲ್ ತೆರೆದ, ಔಷಧಿಗಳ ಪುಟ ಓದಿದ, ಮುಚ್ಚಿದ, ಹೋದ. ಅದಾದ ಸ್ವಲ್ಪ ಹೊತ್ತಿಗೆ ಎರಡನೆಯ ಇಂಜೆಕ್ಷನ್ ಎಂದಿನಂತೆ ಬಂತು.

ಮುಂದಿನದನ್ನು ನಾನು ಎಷ್ಟೋ ಸಲ ಹೇಳಿದ್ದೇನೆ: ಬಂಧುಗಳಿಗೆ, ಹಳೆಯ ಸಹೋದ್ಯೋಗಿಗಳಿಗೆ, ಒಮ್ಮೆ ಹೊನ್ನಾಳಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತ ನರ್ಸ್ ಒಬ್ಬಳಿಗೂ. ಶುಕ್ರವಾರ ವರದಿ ಬಂತು; ಏನೂ ಬೆಳೆದಿಲ್ಲವೆಂದು ಇತ್ತು; ನಾನು ಅದನ್ನು ಹಿಡಿದು ಯುವ ವೈದ್ಯನ ಮುಂದೆ ನಿಂತೆ; ಔಷಧಿಯ ನಂತರ ತೆಗೆದ ಮಾದರಿಗೆ ಇಷ್ಟೇ ಅರ್ಥ, ಜ್ವರ ಬಿಟ್ಟಿದೆ, ಮೂತ್ರಪಿಂಡ ಸೋಲುತ್ತಿದೆ, ಇನ್ನು ಯಾವ ಕಾಗದಕ್ಕೆ ಕಾಯುತ್ತೀರಿ ಎಂದು ವಾದಿಸಿದೆ; ಅವನು ಪೆನ್ನು ತೆಗೆದು ಎರಡನೆಯ ಔಷಧಿಯನ್ನು ಹೊಡೆದುಹಾಕಿದ. ಆ ಗೆರೆ ಎಳೆದ ಸದ್ದು ಕೂಡ ನನಗೆ ನೆನಪಿದೆ. ಅಕ್ಕನ ಮೂತ್ರಪಿಂಡಗಳು ನಿಧಾನವಾಗಿ ತಮ್ಮ ಹಳೆಯ ಅಂಚಿಗೆ ಮರಳಿದವು. ಮುಂದಿನ ವಾರ ಅವಳು ನ್ಯಾಮತಿಗೆ ಹೋದಳು. ಸಾಕ್ಷ್ಯವನ್ನು ಸರಿಯಾಗಿ ಮಂಡಿಸಿದರೆ ವೈದ್ಯರ ಕೈ ಬದಲಾಗುತ್ತದೆ ಎಂಬುದಕ್ಕೆ ನನ್ನ ಇಡೀ ವೃತ್ತಿಯಲ್ಲಿ ಸಿಗದಿದ್ದ ಉದಾಹರಣೆ ಸ್ವಂತ ಅಕ್ಕನ ಹಾಸಿಗೆಯ ಪಕ್ಕದಲ್ಲಿ ಸಿಕ್ಕಿತು ಎಂದು ಮುಗಿಸುತ್ತಿದ್ದೆ.

ಇದನ್ನು ಬರೆಯಲು ಕುಳಿತಾಗ, ತಾರೀಖುಗಳನ್ನು ಖಚಿತಪಡಿಸಿಕೊಳ್ಳಲೆಂದು ಅಕ್ಕನ ಒಪ್ಪಿಗೆ ಪತ್ರ ಕೊಟ್ಟು ಆಸ್ಪತ್ರೆಯಿಂದ ಕೇಸ್ ಶೀಟಿನ ನಕಲು ತರಿಸಿದೆ. ಲ್ಯಾಬಿನ ವರದಿ ಮುದ್ರಣವಾದದ್ದು ೪ ಏಪ್ರಿಲ್, ಶುಕ್ರವಾರ, ಮಧ್ಯಾಹ್ನ. ಇದು ನನ್ನ ನೆನಪಿಗೆ ಹೊಂದುತ್ತದೆ. ಎರಡನೆಯ ಔಷಧಿಯನ್ನು ನಿಲ್ಲಿಸಿದ ಆದೇಶ ೩ ಏಪ್ರಿಲ್, ಗುರುವಾರ, ಬೆಳಗಿನ ರೌಂಡ್ಸಿನದು. ಕೆಳಗೆ ಯುವ ವೈದ್ಯನ ಸಹಿ, ಹಿರಿಯರದು ಇಲ್ಲ. ಬರೆಯುವಾಗ ತಾರೀಖು ತಪ್ಪಿರಬಹುದೆಂದು ನರ್ಸುಗಳ ಔಷಧಿ ಪಟ್ಟಿಯನ್ನು ನೋಡಿದೆ. ಗುರುವಾರ ಬೆಳಗಿನಿಂದ ಆ ಔಷಧಿಯ ಸಾಲಿನಲ್ಲಿ ಯಾವ ಗುರುತೂ ಇಲ್ಲ. ನನ್ನ ದಿನಚರಿಯನ್ನು ತೆರೆದೆ. ಗುರುವಾರ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲೇ ಇರಲಿಲ್ಲ. ಸ್ನಾನಕ್ಕೆಂದು ಮನೆಗೆ ಬಂದು ಮಧ್ಯಾಹ್ನದವರೆಗೆ ಮಲಗಿಬಿಟ್ಟಿದ್ದೆ. ಶುಕ್ರವಾರದ ಪುಟದಲ್ಲಿರುವುದು ಎರಡೇ ವಾಕ್ಯ: "ವರದಿ ಬಂತು. ಅಕ್ಕ ಮಂಡಕ್ಕಿ ಕೇಳಿದಳು." ಪೆನ್ನಿನ ಸದ್ದಿನ ಪ್ರಸ್ತಾಪವಿಲ್ಲ.

ಗುರುವಾರ ಬೆಳಿಗ್ಗೆ ಪಕ್ಕದಲ್ಲಿದ್ದ ಅಕ್ಕನ ಮಗನಿಗೆ ಫೋನ್ ಮಾಡಿದೆ. "ನೆನಪಿಲ್ಲ ಚಿಕ್ಕಮ್ಮ. ಒಂದು ಇಂಜೆಕ್ಷನ್ ಯಾಕೆ ಕಡಿಮೆ ಆತು ಅಂತ ನಾನು ನರ್ಸಮ್ಮನ ಜೊತೆ ಜಗಳ ಆಡಿದ್ದು ಒಂದು ನೆನಪೈತೆ" ಎಂದ. ಫೋನನ್ನು ಅಕ್ಕನಿಗೆ ಕೊಡಿಸಿ, ಅಂದು ಯುವ ವೈದ್ಯ ಏನು ಹೇಳಿದ, ಏಕೆ ನಿಲ್ಲಿಸಿದ ಎಂದು ಕೇಳಿದೆ.

"ಏನೂ ಹೇಳ್ಲಿಲ್ಲ. ಬಂದ, ಸೆಕೆ ಕಡಿಮೆ ಆತಾ ಅಜ್ಜಿ ಅಂದ, ಹೋದ. ನಿನ್ನತ್ರ ಕಾಗದ ಐತಲ್ಲ, ಅದನ್ನೇ ಕೇಳು."

ಕಾಗದ ನನ್ನ ಮೇಜಿನ ಮೇಲೆಯೇ ಇದೆ. ಆದೇಶಕ್ಕೊಂದು ಅಂಕಣ, ಅದರ ಪಕ್ಕದಲ್ಲಿ ಕಾರಣಕ್ಕೊಂದು ಅಂಕಣ. ಸೋಮವಾರ ಎರಡನೆಯ ಔಷಧಿ ಶುರುವಾದ ಸಾಲಿನಲ್ಲಿ ಕಾರಣವೆಂದು "ಕವರ್" ಎಂದು ಬರೆದಿದೆ. ಗುರುವಾರ ಅದನ್ನು ನಿಲ್ಲಿಸಿದ ಸಾಲಿನಲ್ಲಿ ಕಾರಣದ ಅಂಕಣ ಖಾಲಿ.